ಮಗಳ ಕೈಗೆ ಕಂಸಾಳೆ ಬಂದಿದೆ, ಮಾದಪ್ಪ

ಎಪ್ಪತ್ತೇಳು ಮಲೆಯ ಒಡೆಯ, ಮಾದಪ್ಪ, ನನ್ನ ಮಗಳು ಹೈಸ್ಕೂಲಿನ ಕಂಸಾಳೆ ತಂಡಕ್ಕೆ ಸೇರಿದ್ದಾಳೆ. ಒಂಬತ್ತನೇ ಕ್ಲಾಸು. ಪ್ರತಿಭಾ ಕಾರಂಜಿಗೆ ತಯಾರಿ ನಡೆದಿದೆ. ಕ್ಲಸ್ಟರಿನಲ್ಲಿ ಗೆದ್ದರೆ ತಾಲ್ಲೂಕು, ಅಲ್ಲೂ ಗೆದ್ದರೆ ಜಿಲ್ಲೆ, ಆಮೇಲೆ ರಾಜ್ಯಮಟ್ಟ. ಬಹುಮಾನ ಕೊಡಿಸು ಅಂತ ಕೇಳುವುದಕ್ಕೆ ಕೈಮುಗಿದಿಲ್ಲ. ಅದನ್ನು ಕೇಳುವ ತಾಯಂದಿರು ಪಕ್ಕದ ಶಾಲೆಯಲ್ಲೂ ಇರುತ್ತಾರೆ, ಅವರ ದೇವರೂ ನೀನೇ. ನನ್ನ ಅರಿಕೆ ಬೇರೆ.

ಆಯ್ಕೆ ನಡೆದದ್ದು ನನ್ನ ಕಣ್ಣೆದುರೇ. ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುವವಳು ನಾನು. ಅಡುಗೆಮನೆ ಬಾಗಿಲಿಂದ ಮೈದಾನವೆಲ್ಲ ಕಾಣುತ್ತದೆ. ಅದಕ್ಕೂ ಮುಂಚಿನಿಂದಲೇ ನನ್ನ ಉಪ್ಪಿನ ಡಬ್ಬಿಗೂ ಸಾರಿನಪುಡಿ ಡಬ್ಬಿಗೂ ಮುಚ್ಚಳ ಇರಲಿಲ್ಲ. ಹುಡುಗಿಯರು ಒಯ್ದು ತಾಳ ಕುಟ್ಟುತ್ತಿದ್ದರು. ಪಿ.ಟಿ. ಮೇಷ್ಟ್ರು ಪಕ್ಕದೂರಿನ ಗುಡ್ಡಪ್ಪನವರನ್ನು ಕರೆಸಿದ್ದರು. ನಿನ್ನ ದೀಕ್ಷೆ ಪಡೆದವರು, ಕೊರಳಲ್ಲಿ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ, ಈ ವಯಸ್ಸಿನಲ್ಲೂ ನಿನ್ನ ಹೆಸರಿನ ಭಿಕ್ಷೆ, ಕೋರಣ್ಯ, ತಪ್ಪಿಸದವರು. ಹುಡುಗಿಯರು ಮೊಬೈಲಿನಲ್ಲಿ ನೋಡಿ ಕಲಿತ ಹೆಜ್ಜೆಗಳನ್ನೆಲ್ಲ ಹಾಕಿ ತೋರಿಸಿದರು. ಆ ಯಜಮಾನರು ಕಾಲಿನ ಕಡೆ ನೋಡಲೇ ಇಲ್ಲ. ತಾವು ಪದ ಹೇಳುತ್ತಾ ಒಮ್ಮೆ ಕೈಯೆತ್ತುವರು. ಆಗ ತಾಳ ನಿಲ್ಲಿಸಬೇಕು, ಮೂರು ಸುತ್ತು ಸುಮ್ಮನಿರಬೇಕು, ನಾಲ್ಕನೆಯದಕ್ಕೆ ಸರಿಯಾಗಿ ಬಡಿಯಬೇಕು. ಬಹಳ ಮಕ್ಕಳು ಅಲ್ಲೇ ಬಿದ್ದರು. ಒಬ್ಬಳು ಬೇಗ ಬಡಿದಳು, ಇನ್ನೊಬ್ಬಳು ಪಕ್ಕದವಳ ಕೈ ನೋಡಿ ಬಡಿದಳು. ‘ಕುಣಿಯದ ನಾನ್ ಕಲಿಸ್ತೀನಿ ಮೇಷ್ಟ್ರೇ, ಸುಮ್ಕಿರದ ಕಲ್ಸಕಾಗದಿಲ್ಲ’ ಅಂದರು. ನನ್ನ ಮಗಳು ಮನೆಯಲ್ಲಿ ಒಂದು ನಿಮಿಷ ಬಾಯಿ ಮುಚ್ಚಿ ಕೂತವಳಲ್ಲ. ಅವಳು ಹೇಗೆ ಪಾಸಾದಳೋ ನಿನಗೇ ಗೊತ್ತು.

ಹೆಡ್‌ಮಾಸ್ಟರ ಕೋಣೆಯ ಹೊರಗೆ ಪಟ್ಟಿ ಅಂಟಿಸಿದಾಗ ಅವಳ ಗೆಳತಿಯ ಹೆಸರು ಅದರಲ್ಲಿರಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ಕುಣಿಯುವ ಹುಡುಗಿ ಅದು. ಎಕ್ಸ್‌ಟ್ರಾ ಅಂತ ಇಟ್ಟುಕೊಂಡಿದ್ದಾರೆ. ದಿನಾ ಸಂಜೆ ಕಂಸಾಳೆ ಚೀಲ ಹೊತ್ತು ತರುತ್ತಾಳೆ, ಮೈದಾನದ ಅಂಚಿನಲ್ಲಿ ನಿಂತು ಎಲ್ಲರ ಹೆಜ್ಜೆಯನ್ನೂ ಹಾಕುತ್ತಾಳೆ. ಯಾರಿಗಾದರೂ ಜ್ವರ ಬರಲಿ ಅಂತ ಆ ಮಗು ನಿನ್ನ ಹತ್ತಿರ ಕೇಳಿಕೊಂಡಿದ್ದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ ತಂದೆ. ಆ ವಯಸ್ಸೇ ಹಾಗೆ.

ಬೀಸು ಕಂಸಾಳೆ ಒಬ್ಬರ ಆಟವಲ್ಲ ಅಂತ ನನಗೆ ತಿಳಿದದ್ದು ಮಗಳ ಕೈ ನೋಡಿ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ನಡುವೆ ದಾರ ಪೋಣಿಸಿದ, ಗೊಂಡೆ ಇಳಿಬಿಟ್ಟ ತಟ್ಟೆ. ಆ ದಾರದ ಮೇಲೆ ತಟ್ಟೆಯನ್ನು ಬೀಸಿ ತನ್ನ ಬಟ್ಟಲಿಗೆ ಒಮ್ಮೆ ಬಡಿದರೆ, ಮತ್ತೊಮ್ಮೆ ಪಕ್ಕದವಳ ಬಟ್ಟಲಿಗೆ ಬಡಿಯಬೇಕು. ಬಗ್ಗಿ, ಮಂಡಿಯೂರಿ, ಹಿಂದಕ್ಕೆ ಮಲಗಿ, ಬಾಯಲ್ಲಿ ಪದ ಬಿಡದೆ. ಬೆರಳ ಸಂದಿಯಲ್ಲಿ ದಾರ ಉಜ್ಜಿ ಬೊಬ್ಬೆ ಎದ್ದಿದೆ. ಮಂಡಿಯಲ್ಲಿ ಮೈದಾನದ ಕಲ್ಲು ಒತ್ತಿದ ಗುರುತು. ಮಣಿಕಟ್ಟಿನ ಹತ್ತಿರ ಕಪ್ಪಗಾಗಿರುವುದು ಮಾತ್ರ ಅವಳ ತಪ್ಪಲ್ಲ, ಜೋಡಿಯವಳು ಅರ್ಧ ತಾಳ ತಡವಾಗಿ ಬೀಸಿದ್ದು. ಕೊಬ್ಬರಿ ಎಣ್ಣೆ ಹಚ್ಚುತ್ತಾ ‘ಅವಳಿಗೇನೂ ಅನ್ನಲಿಲ್ಲವಾ?’ ಅಂದೆ. ‘ನಾಳೆ ನಾನೂ ಹೊಡೆದೇ ಹೊಡೀತೀನಿ ಕಣವ್ವಾ, ಇಬ್ಬರಿಗೂ ಸರಿಹೋಯ್ತದೆ’ ಅಂದಳು.

ಇನ್ನು ಮುಖ್ಯ ಮಾತು. ಊರಲ್ಲಿ ಕೆಲವರು, ನಮ್ಮತ್ತೆಯೂ ಸೇರಿ, ಹೆಣ್ಣು ಕಂಸಾಳೆ ಹಿಡಿಯಬಹುದಾ ಅನ್ನುತ್ತಾರೆ. ಅದು ಗುರುವಿನ ಕೈಯಿಂದ ದೀಕ್ಷೆ ಪಡೆದ ಗಂಡಸು ಹಿಡಿಯುವುದು, ಮುಟ್ಟಿನ ದಿನ ಸ್ಪರ್ಧೆ ಬಿದ್ದರೆ ಏನು ಗತಿ ಅನ್ನುತ್ತಾರೆ. ಗುಡ್ಡಪ್ಪನವರನ್ನು ಕೇಳಿದರೆ, ‘ನನ್ನ ದೀಕ್ಷೆ ಕಂಸಾಳೆ ನಂದು, ಇಸ್ಕೂಲಿನದು ಇಸ್ಕೂಲಿಗೆ’ ಅಂದು ಜಾಣತನದಿಂದ ಜಾರಿಕೊಂಡರು. ಮೇಷ್ಟ್ರು ‘ಇದು ಬರೀ ಐಟಂ ಅಮ್ಮಾ, ವೇಷಕ್ಕೆ, ಹೊಂದಾಣಿಕೆಗೆ ಅಂಕ ಕೊಡ್ತಾರೆ, ಯೋಚನೆ ಮಾಡಬೇಡಿ’ ಅಂದರು. ಇಬ್ಬರದೂ ಒಳ್ಳೆಯ ಮನಸ್ಸೇ. ನನಗೆ ಮಾತ್ರ ಎರಡೂ ಒಪ್ಪಿಗೆಯಾಗಲಿಲ್ಲ. ಬರೀ ಐಟಂ ಆದರೆ ಶುರುವಿಗೆ ‘ಉಘೇ’ ಅನ್ನುವುದು ಯಾಕೆ? ಹಣೆಗೆ ವಿಭೂತಿ ಯಾಕೆ?

ಸಿನಿಮಾದವರೂ ನಿನ್ನನ್ನು ಕುಣಿಸಿದ್ದಾರೆ, ಬಿಡು. 1996ರಲ್ಲಿ ‘ಜನುಮದ ಜೋಡಿ’ ಬಂದಾಗ ನಾನು ಹೆಚ್ಚುಕಡಿಮೆ ಇವಳ ವಯಸ್ಸಿನವಳು. ಮದುವೆ ಮನೆ, ಟೀ ಅಂಗಡಿ, ಬಸ್ಸು, ಎಲ್ಲೆಲ್ಲೂ ನಿನ್ನ ಪದವೇ. ಹುಡುಗರು ಬೀದಿಯಲ್ಲಿ ಕುಣಿದರು, ನಾವು ಜಗುಲಿಯಿಂದ ನೋಡಿದೆವು. ನಮಗೂ ಕಾಲು ತುಡಿಯುತ್ತಿತ್ತಾ ಅಂತ ಆಗ ಯಾರೂ ಕೇಳಲಿಲ್ಲ.

ನಿನ್ನ ಕಥೆ ನನಗೂ ಗೊತ್ತು ಮಾದಪ್ಪ. ನೀಲೇಗೌಡ ಜೇನಿಗೆ ಕಾಡಿಗೆ ಹೋಗುವ ಮುಂಚೆ ಹೆಂಡತಿ ಸಂಕಮ್ಮನನ್ನು ಭಾಷೆ ಕೊಡು ಅಂತ ಪೀಡಿಸಿದ, ಕೊಡದ್ದಕ್ಕೆ ಕಟ್ಟಿ ಕೂಡಿಹಾಕಿ ಹೋದ. ಬಂದು ಬಿಡಿಸಿದವನು ನೀನು. ಅವಳು ದೀಕ್ಷೆ ತಗೊಂಡಿದ್ದಳಾ, ಯಾವ ದಿನದಲ್ಲಿದ್ದಳು ಅಂತ ವಿಚಾರಿಸಿ ನೀನು ಗುಡಿಸಲ ಬಾಗಿಲು ತೆಗೆದದ್ದಲ್ಲ. ದೀಪಾವಳಿಯ ಹಾಲರವೆಗೆ ಬೇಡಗಂಪಣರ 101 ಹೆಣ್ಣುಮಕ್ಕಳು ಹಳ್ಳದಿಂದ ಹೊತ್ತು ತರುವ ನೀರಲ್ಲೇ ನಿನಗೆ ಅಭಿಷೇಕ. ಹೆಣ್ಣಿನ ತಲೆಯ ಮೇಲಿನ ಕೊಡ ನಿನಗೆ ಆಗುತ್ತದೆ ಅಂದಮೇಲೆ ಹೆಣ್ಣಿನ ಕೈಯ ತಾಳ ಆಗದೇ ಇರುತ್ತದಾ?

ಅದಕ್ಕೇ ನನ್ನ ಅರಿಕೆ ಇಷ್ಟೇ. ಇವರು ಕುಣಿಯುವುದನ್ನು ಸೇವೆ ಅಂತಲೇ ಬರೆದುಕೋ. ಸ್ಪರ್ಧೆಯ ದಿನ ಯಾರಿಗಾದರೂ ಮುಟ್ಟಾದರೆ ಆ ಹುಡುಗಿಯನ್ನು ಮೂಲೆಗೆ ಕೂರಿಸಬೇಕು ಅನ್ನುವ ಬುದ್ಧಿ ಯಾರಿಗೂ ಬಾರದಂತೆ ನೋಡಿಕೋ; ನಮ್ಮತ್ತೆಗೆ ನಾನು ಹೇಳುತ್ತೇನೆ, ಮಿಕ್ಕವರು ನಿನ್ನ ಪಾಲು. ಚೀಲ ಹೊರುವ ಮಗುವಿಗೂ ಒಮ್ಮೆ ವೇದಿಕೆ ಹತ್ತುವ ದಾರಿ ಮಾಡು, ಬೇರೆಯವರಿಗೆ ಜ್ವರ ತರಿಸದೆ. ಇಳಿಸಂಜೆ ಮಳೆ ಸ್ವಲ್ಪ ತಡವಾಗಿ ಬರಲಿ, ಮೈದಾನ ಕೆಸರಾದರೆ ಮಂಡಿಯೂರುವುದಕ್ಕೆ ಆಗುವುದಿಲ್ಲ.

ಗೆದ್ದರೆ ಬೆಟ್ಟಕ್ಕೆ ಬರುತ್ತೇವೆ ಅಂತ ಹರಕೆ ಹೊರುವುದಿಲ್ಲ. ಸೋತರೂ ಬರುತ್ತೇವೆ, ತಂಡ ಪೂರ್ತಿ, ಎಕ್ಸ್‌ಟ್ರಾ ಹುಡುಗಿಯೂ ಸೇರಿ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಚಾರ್ಜಿಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಗುಡ್ಡಪ್ಪನವರ ಮತ್ತು ಮೇಷ್ಟ್ರ ಟಿಕೆಟ್ ದುಡ್ಡು ಮಾತ್ರ ನಾವು ಹೊಂದಿಸಬೇಕು.