ಮೂಷಕಬಲಿ

ಬ್ರಿಟನ್ನಿನ ಫ್ರೆಡರಿಕ್ ಗ್ರಿಫಿತ್ ಎಂಬ ವೈದ್ಯನು ೧೯೨೮ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಕ್ಕರೆಯ ಕವಚವುಳ್ಳ ನ್ಯುಮೋನಿಯಾ ಬ್ಯಾಕ್ಟೀರಿಯಗಳನ್ನು ಕಾಯಿಸಿ ಕೊಂದು ಚುಚ್ಚಿದಾಗಲೂ, ಕವಚವಿಲ್ಲದ ದುರ್ಬಲವಾದವುಗಳನ್ನು ಜೀವಂತವಾಗಿಯೇ ಚುಚ್ಚಿದಾಗಲೂ ಇಲಿಗಳು ಬದುಕಿದುವು. ಎರಡನ್ನೂ ಬೆರೆಸಿ ಚುಚ್ಚಲು ಹಲವು ಸತ್ತುವು, ಅವುಗಳ ರಕ್ತದಲ್ಲಿ ಕವಚಧಾರಿಗಳಾದ ಸಜೀವ ಬ್ಯಾಕ್ಟೀರಿಯಗಳು ಕಂಡುಬಂದುವು. ಬಿಳಿಯ ರಕ್ತಕಣಗಳು ಬ್ಯಾಕ್ಟೀರಿಯಗಳನ್ನು ನುಂಗದಂತೆ ತಡೆಯುವ ಆ ಕವಚವನ್ನು ರಚಿಸುವ ಶಕ್ತಿಯು ಮೃತದಿಂದ ಜೀವಂತಕ್ಕೆ ಸಂಕ್ರಮಿಸಿತ್ತು. ಅದರ ವಾಹಕವು ಡಿಎನ್‌ಎ ಎಂಬುದು ೧೯೪೪ರಲ್ಲಿ ನ್ಯೂಯಾರ್ಕಿನ ಏವರಿ ಮತ್ತು ಸಂಗಡಿಗರಿಂದ ತಿಳಿದುಬಂದಿತು.

ಈ ಜ್ಞಾನವು ಮಹತ್ತಾದುದು. ಆದರೂ ಒಪ್ಪಿಗೆ ಕೊಡಲಾಗಲಿ ನಿರಾಕರಿಸಲಾಗಲಿ ಬಾರದ ಪ್ರಾಣಿಯ ಮರಣದಿಂದ ದೊರೆತ ಶ್ರೇಯಸ್ಸಿಗೆ ನಾವು ಅಧಿಕಾರಿಗಳೇ? ಯಜ್ಞದಲ್ಲಿ ವಿಧಿವಿಹಿತವಾದ ಹಿಂಸೆಯು ಅಧರ್ಮವಲ್ಲವೆಂದರು ಮೀಮಾಂಸಕರು. ಕವಿ ಜನ್ನನ ಕಾವ್ಯದ ಯಶೋಧರನಾದರೋ, ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಸಂಕಲ್ಪಹಿಂಸೆಗಾಗಿಯೇ ಜನ್ಮಜನ್ಮಾಂತರಗಳಲ್ಲಿ ತೊಳಲಿದನು. ಪ್ರಯೋಗಶಾಲೆಯ ಅನುಮತಿಪತ್ರವು (ಅದೂ ಒಂದು ವಿಧಿವಾಕ್ಯವೇ ಅಲ್ಲವೆ!) ಮೊದಲನೆಯವರ ಪಕ್ಷವನ್ನು ಹಿಡಿದಿದೆ. ವ್ಯಾಧಿಯಿಂದ ನರಳುವ ಶಿಶುವನ್ನು ಕಂಡವನು ಪ್ರಯೋಗವೇ ಕೂಡದೆಂದು ಹೇಳಲಾರನು, ನಾನೂ ಹೇಳೆನು. ಆದರೆ ಬೇರೊಂದು ಉಪಾಯದಿಂದ ತಿಳಿಯಬಹುದಾದುದಕ್ಕಾಗಿ ಒಂದು ಇಲಿಯನ್ನು ಕೊಂದರೂ ಅದು ಬರಿಯ ಹಿಂಸೆಯೇ, ಅನಿವಾರ್ಯವಾದಲ್ಲಿಯೂ ದೋಷವು ನಮ್ಮದೇ.