ಹೊಸ ಕಾರಿಗೆ ಎಂಥ ಕವಚ?

ನಿಮ್ಮ ಮನೆಗೆ ಹೊಸ ಕಾರು ಬಂದಿದೆ ಎಂದು ಭಾವಿಸಿ. ವರ್ಷಗಟ್ಟಲೆ ಕೂಡಿಟ್ಟ ಹಣ, ಮೇಲೆ ಬ್ಯಾಂಕಿನ ಸಾಲ. ಭಾನುವಾರದ ಪೂಜೆ ಮುಗಿದ ಮೇಲೆ ಗುರುಗಳು ದೇವಾಲಯದ ಅಂಗಳದಲ್ಲಿ ತೀರ್ಥ ಚಿಮುಕಿಸಿ ಆಶೀರ್ವದಿಸಿದ್ದಾರೆ. ಒಳಗಿನ ಕನ್ನಡಿಗೆ ಜಪಸರ ತೂಗುಹಾಕಿದ್ದೀರಿ. ಆದರೆ ಷೋರೂಮಿನವರು ಅಷ್ಟಕ್ಕೆ ಬಿಡುವವರಲ್ಲ. "ಸರ್, ಪಿ.ಪಿ.ಎಫ್. ಹಾಕಿಸ್ತೀರಾ? ಸೆರಾಮಿಕ್ ಕೋಟಿಂಗ್ ಆದ್ರೂ ಮಾಡಿಸಿ, ಬಣ್ಣಕ್ಕೆ ಏನೂ ಆಗಲ್ಲ" ಎನ್ನುತ್ತಾರೆ. ಮನೆಯಾಕೆ ಬೇಡವೆನ್ನುತ್ತಾಳೆ, ಮಗ ಬೇಕೆನ್ನುತ್ತಾನೆ. ನೀವು ಏನು ಮಾಡುತ್ತೀರಿ?

ತೊಂಡೇಬಾವಿಯ ಕಡೆ ಓಡಾಡುವವರಿಗೆ ಇದು ಬರೀ ಷೋಕಿಯ ಮಾತಲ್ಲ. ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ ಜಲ್ಲಿ, ಎಂ-ಸ್ಯಾಂಡ್, ಸಿಮೆಂಟ್ ಹೊತ್ತ ಲಾರಿಗಳ ಹಿಂದೆ ಹೋಗದೆ ಗತ್ಯಂತರವಿಲ್ಲ. ಟಿಪ್ಪರಿನಿಂದ ಸಿಡಿದ ಒಂದು ಕಲ್ಲು ಸಾಕು, ಬಾನೆಟ್ಟಿನ ಬಣ್ಣ ಎದ್ದುಹೋಗುತ್ತದೆ, ಮಳೆಗಾಲ ಕಳೆಯುವುದರೊಳಗೆ ಅಲ್ಲಿ ತುಕ್ಕು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮೊದಲು ವಿಷಯವನ್ನೇ ತಿಳಿದುಕೊಳ್ಳೋಣ.

ಕಾರ್ಖಾನೆಯಲ್ಲಿ ಬಳಿದ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಪಿ.ಪಿ.ಎಫ್. ಎನ್ನುವುದು ಅದರ ಮೇಲೆ ಅಂಟಿಸುವ ಪಾರದರ್ಶಕ ಪಾಲಿಯುರಿಥೇನ್ ಹಾಳೆ. ಅದೊಂದೇ 150ರಿಂದ 200 ಮೈಕ್ರಾನ್ ಇರುತ್ತದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರುಗಳ ರೆಕ್ಕೆಗಳನ್ನು ಮರಳು, ಚೂರುಗಳಿಂದ ಕಾಪಾಡಲು ಹುಟ್ಟಿದ ಉಪಾಯವಿದು. ಸಣ್ಣ ಕಲ್ಲಿನ ಪೆಟ್ಟನ್ನು ಹಾಳೆ ತಾನು ತಿಂದು ಬಣ್ಣವನ್ನು ಉಳಿಸುತ್ತದೆ. ಒಳ್ಳೆಯ ಹಾಳೆಯ ಮೇಲಿನ ಸಣ್ಣ ಗೀರು ಬಿಸಿಲಿನ ಕಾವಿಗೆ ತಾನೇ ಮಾಸುತ್ತದೆ. ಆದರೆ ಕಾರಿಗೆ ಪೂರ್ತಿ ಹಾಕಿಸಿದರೆ ಖರ್ಚು ಸುಲಭವಾಗಿ ಲಕ್ಷ ದಾಟುತ್ತದೆ. ಕಲ್ಲು ಹೆಚ್ಚಾಗಿ ಬಡಿಯುವ ಮುಂದಿನ ಬಂಪರ್, ಬಾನೆಟ್ಟಿನ ಅಂಚು, ಪಕ್ಕದ ಕನ್ನಡಿಗಳ ಬೆನ್ನು, ಇಷ್ಟಕ್ಕೆ ಮಾತ್ರ ಹಾಕಿಸಿದರೂ ಮುಕ್ಕಾಲು ಪ್ರಯೋಜನ ಸಿಕ್ಕಿತೆಂದೇ ನನ್ನ ಅನಿಸಿಕೆ.

ಸೆರಾಮಿಕ್ ಕೋಟಿಂಗ್ ಬೇರೆಯೇ ವಸ್ತು. ಅದು ಕೆಲವೇ ಮೈಕ್ರಾನಿನ ಗಾಜಿನಂಥ ಲೇಪ. ಹೊಳಪು ಕೊಡುತ್ತದೆ, ಹಕ್ಕಿಯ ಹಿಕ್ಕೆ ಬೇಗ ಕಚ್ಚದಂತೆ ನೋಡಿಕೊಳ್ಳುತ್ತದೆ, ತೊಳೆಯುವುದು ಸುಲಭವಾಗುತ್ತದೆ. ಕಲ್ಲನ್ನು ಮಾತ್ರ ತಡೆಯದು. ಡಬ್ಬಿಯ ಮೇಲೆ ಬರೆದಿರುವ '9ಎಚ್' ಪೆನ್ಸಿಲ್ ಗೀರಿ ನೋಡುವ ಪರೀಕ್ಷೆಯ ಅಂಕಿಯೇ ಹೊರತು ವಜ್ರದ ಗಟ್ಟಿತನವಲ್ಲ. ಇದು ಗೊತ್ತಿದ್ದೂ "ಏನೂ ಆಗಲ್ಲ" ಎಂದು ಮಾರುವವನು ಎಂಟನೆಯ ಕಟ್ಟಳೆಯನ್ನೊಮ್ಮೆ ನೆನೆದುಕೊಳ್ಳುವುದು ಒಳ್ಳೆಯದು. ನಮ್ಮ ಸೀಮೆಯ ಬೋರ್‌ವೆಲ್ ನೀರು ಬಿಸಿಲಿನಲ್ಲಿ ಒಣಗಿದರೆ ಕೋಟಿಂಗ್ ಮೇಲೂ ಬಿಳಿ ಕಲೆ ಕೂರುತ್ತದೆ, ಆದ್ದರಿಂದ ನೆರಳಿನಲ್ಲಿ ತೊಳೆದು ಕೂಡಲೇ ಒರೆಸಬೇಕು. ದೂಳು ಕೂತಾಗ ಒಣಬಟ್ಟೆಯಿಂದ ಉಜ್ಜಲೇಬೇಡಿ, ಮೊದಲು ನೀರು ಹೊಯ್ಯಿರಿ.

ಇಷ್ಟೆಲ್ಲ ನಾನು ಕಲಿತದ್ದು ನನ್ನ ಕಾರಿಗಾಗಿ. ಎರಡು ವರ್ಷದ ಹಿಂದೆ ಕಾರು ಕೊಂಡಾಗ ಸಾಲದ ಮೇಲೆ ಇನ್ನಷ್ಟು ಸಾಲ ಮಾಡಿ ಪೂರ್ತಿ ಹಾಳೆ ಹಾಕಿಸಿದೆ. ಮೊದಲ ತಿಂಗಳು ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದದ್ದು ಕಾರನ್ನು, ಪ್ರಾರ್ಥನೆ ಆಮೇಲೆ.

ಆ ದಿನಗಳಲ್ಲೇ ಒಂದು ಸಂಜೆ ತೊಂಡೇಬಾವಿ ದಾಟುತ್ತಿದ್ದಾಗ ಇಬ್ಬರು ಕೈ ಅಡ್ಡಹಾಕಿದರು. ಕ್ರಷರ್ ಕೆಲಸದವರು, ತಲೆಯಿಂದ ಕಾಲಿನವರೆಗೂ ದೂಳು. ಒಬ್ಬನ ಕೈ ಜಜ್ಜಿಹೋಗಿತ್ತು, ಸುತ್ತಿದ ಬಟ್ಟೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. 108ಕ್ಕೆ ಫೋನ್ ಮಾಡಿದ್ದರು, ಇನ್ನೂ ಬಂದಿರಲಿಲ್ಲ. ಓದುಗರೇ, ನಿಮ್ಮೆದುರು ಸುಳ್ಳು ಹೇಳಲಾರೆ. ನನ್ನ ಕಣ್ಣು ಮೊದಲು ಹೋದದ್ದು ಹಿಂದಿನ ಸೀಟಿನ ಕಡೆಗೆ. ತಿಳಿಬಣ್ಣದ ಬಟ್ಟೆಯ ಸೀಟು. ನಾನು ಬಾಯಿ ಬಿಡಲಿಲ್ಲ, ಆದರೆ ಆ ಮನುಷ್ಯನಿಗೆ ಅರ್ಥವಾಯಿತು. ಮೂಗು ಬಾಯಿಗೆ ಕಟ್ಟಿದ್ದ ಟವಲನ್ನು ಒಂದೇ ಕೈಯಲ್ಲಿ ಬಿಚ್ಚಿದ. "ಅಣ್ಣಾ, ಸೀಟು ಗಲೀಜಾಗ್ತದೆ, ಇದು ಹಾಸ್ಕೊಂಡು ಕೂತ್ಕೊಂತೀನಿ" ಅಂದ.

ಗೌರಿಬಿದನೂರಿನ ಆಸ್ಪತ್ರೆ ತಲುಪುವವರೆಗೂ ನಾನು ಹಿಂದಕ್ಕೆ ತಿರುಗಿ ಮಾತಾಡಲಿಲ್ಲ.

ಆ ಟವಲಿನ ವಿಚಾರ ನನ್ನನ್ನು ಬಿಟ್ಟಿಲ್ಲ. ಗ್ರಾನೈಟ್ ಬಂಡೆಯಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ, ಕಾರಿನ ಬಣ್ಣವನ್ನು ಗೀರುವಷ್ಟು ಗಟ್ಟಿ. ಬಂಡೆಯನ್ನು ಪುಡಿಮಾಡಿದಾಗ ಕಣ್ಣಿಗೆ ಕಾಣದಷ್ಟು ನಯವಾದ ದೂಳು ಏಳುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವನ ಪುಪ್ಪುಸ ಗಟ್ಟಿಯಾಗುತ್ತಾ ಬರುತ್ತದೆ. ಅದೇ ಸಿಲಿಕೋಸಿಸ್. ಒಮ್ಮೆ ಬಂದರೆ ವಾಸಿಮಾಡುವ ಔಷಧವಿಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲೇ ಅದು ಅಧಿಕಾರಿಗಳಿಗೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ತಡೆಯುವ ದಾರಿಗಳು ತಿಳಿದಿವೆ: ಕಲ್ಲಿಗೆ ನೀರು ಸಿಂಪಡಿಸುವುದು, ಯಂತ್ರವನ್ನು ಮುಚ್ಚುವುದು, ಸರಿಯಾದ ಮುಖಗವಸು ಕೊಡುವುದು. ಟವಲು ಆ ದೂಳನ್ನು ತಡೆಯುವುದಿಲ್ಲ. ನನ್ನ ಬಾನೆಟ್ಟಿಗೆ ಹೆಲಿಕಾಪ್ಟರಿನ ಕವಚ, ಅವನ ಎದೆಗೆ ಹರಕು ಟವಲು. ಅದನ್ನೂ ಬಿಚ್ಚಿ ನನ್ನ ಸೀಟಿಗೆ ಹಾಸಿದ.

ಹಾಗಾದರೆ ಕಾರಿಗೆ ಹಾಳೆ ಹಾಕಿಸುವುದು ಪಾಪವೇ? ಅಲ್ಲವೇ ಅಲ್ಲ. ದುಡಿದು ಕೊಂಡ ವಸ್ತುವನ್ನು ಜೋಪಾನ ಮಾಡದವನು ದುಂದುಗಾರ. ಫ್ರಾನ್ಸಿಸ್ ಜಗದ್ಗುರುಗಳು 2013ರಲ್ಲಿ ಮೂರು ಲಕ್ಷ ಕಿಲೋಮೀಟರ್ ಓಡಿದ 1984ರ ರೆನೋ ಕಾರನ್ನು ಇಟಲಿಯ ಗುರುಗಳೊಬ್ಬರಿಂದ ಕಾಣಿಕೆಯಾಗಿ ಸ್ವೀಕರಿಸಿದರು. ಆ ಗುರುಗಳು ಜೋಪಾನ ಮಾಡದಿದ್ದರೆ ಅದು ಅಷ್ಟು ಓಡುತ್ತಿತ್ತೇ? ಆದರೆ ಅದು ಓಡಿತ್ತು, ಷೆಡ್ಡಿನಲ್ಲಿ ನಿಂತಿರಲಿಲ್ಲ. ನಾನು ತಪ್ಪಿದ್ದು ಇಲ್ಲಿ. ಕಲ್ಲಿನಿಂದ ಕಾರನ್ನು ಕಾಯಲು ಹೊರಟವನು ಕ್ರಮೇಣ ಮನುಷ್ಯರಿಂದ ಕಾಯತೊಡಗಿದೆ. ಪಕ್ಕದ ಮನೆಯ ಮಗು ಮುಟ್ಟಿದರೆ ಸಿಡುಕು, ಅಜ್ಜಿಯನ್ನು ಪೂಜೆಗೆ ಕರೆತರಲು ಹಿಂಜರಿಕೆ. ಲೂಕನ ಶುಭಸಂದೇಶದ 10ನೇ ಅಧ್ಯಾಯದ ಸಮಾರಿಯದವನು ಗಾಯಾಳುವನ್ನು ತನ್ನ ಸ್ವಂತ ವಾಹನದ ಮೇಲೆಯೇ ಕೂರಿಸಿಕೊಂಡ. ಮೇಲೆ ಹಾಸಿದ್ದ ಬಟ್ಟೆಗೆ ರಕ್ತವಾಗಿರಲೇಬೇಕು. ಲೂಕ ಆ ಸುದ್ದಿಯನ್ನೇ ಎತ್ತುವುದಿಲ್ಲ.

ಮುಂದಿನ ತಿಂಗಳು ನನ್ನ ತಮ್ಮನ ಮಗ ಕಾರು ಕೊಳ್ಳುತ್ತಿದ್ದಾನೆ. "ದೊಡ್ಡಪ್ಪ, ಯಾವ ಕೋಟಿಂಗ್ ಒಳ್ಳೇದು?" ಎಂದು ಕೇಳಿದ. ಬಂಪರ್, ಬಾನೆಟ್ಟಿನ ಅಂಚು, ಕನ್ನಡಿಗಳಿಗೆ ಹಾಳೆ ಹಾಕಿಸು, ಮಿಕ್ಕದ್ದಕ್ಕೆ ಒಂದು ಬಕೆಟ್ ನೀರು ಸಾಕು ಎಂದೆ. ಆಮೇಲೆ ಸೀಟುಗಳಿಗೆ ರೆಕ್ಸಿನ್ ಕವರ್ ಹಾಕಿಸಲು ಹೇಳಿದೆ, ಒದ್ದೆಬಟ್ಟೆಯಲ್ಲಿ ಒರೆಸಿದರೆ ಹೋಗುವಂಥದ್ದು. "ಅದು ನೋಡೋಕೆ ಚೆನ್ನಾಗಿರಲ್ವಲ್ಲ?" ಎಂದ. ಆಗ ಅವನಿಗೆ ಈ ಟವಲಿನ ಕಥೆ ಹೇಳಬೇಕಾಯಿತು.