ಅಜ್ಜಿಯನ್ನು ಯಾರೂ ಕೇಳಿರಲಿಲ್ಲ



ಎರಡು ವರ್ಷದ ಹಿಂದೆ ನಮ್ಮ ಅಜ್ಜಿಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಪಣಕಹಳ್ಳಿಯಿಂದ ಹೊರಟು, ದಿಂಬಂ ಘಾಟಿಯ 27 ತಿರುವು ಇಳಿದು, ಕೆಳಗಿನ ಒಂದು ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಹನ್ನೊಂದು ದಿನ ವೆಂಟಿಲೇಟರ್. ಇನ್ನು ಏಳುವುದಿಲ್ಲ ಎಂದು ಡಾಕ್ಟರು ಮೂರನೆಯ ದಿನವೇ ಹೇಳಿದ್ದರು. ದೊಡ್ಡಪ್ಪ ‘ಸಾಕು, ಬಿಡಿ’ ಎಂದರು. ಚಿಕ್ಕಪ್ಪ ‘ಹೆತ್ತವಳನ್ನೇ ಕೊಲ್ಲುತ್ತೀಯಾ’ ಎಂದರು. ಅಪ್ಪ ಏನೂ ಹೇಳದೆ, ತಮಗೆ ಓದಲು ಬಾರದ ತಮಿಳು, ಇಂಗ್ಲಿಷ್ ಕಾಗದಗಳಿಗೆ ಸಹಿ ಹಾಕುತ್ತಾ ಹೋದರು. ರೋಗಿಗಳ ಅಭ್ಯಂಗ ಕೊಡಲು ಬಂದ ಗುರುಗಳು ಐಸಿಯು ಬಾಗಿಲಲ್ಲಿ ಎರಡು ಗಂಟೆ ಕಾದರು. ಅಜ್ಜಿಯ ವರ್ಷದ ಪೂಜೆಯಲ್ಲಿ ಅಣ್ಣ ತಮ್ಮಂದಿರು ಬೇರೆ ಬೇರೆ ಬೆಂಚಿನಲ್ಲಿ ಕೂತರು. ಈಗಲೂ ಹಾಗೆಯೇ ಕೂರುತ್ತಾರೆ.

ಅಜ್ಜಿಗೆ ಏನು ಬೇಕಿತ್ತೋ ಯಾರಿಗೂ ಗೊತ್ತಿರಲಿಲ್ಲ. ಬಿಎಸ್ಸಿ ಓದಿದವರೆಂದು ಎಲ್ಲರೂ ನಮ್ಮ ಮುಖ ನೋಡಿದರು. ನಾವು ಓದಿದ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಹೊನ್ನಾವರದ ಹಳದೀಪುರದಲ್ಲಿ ಹುಟ್ಟಿದ ಅರುಣಾ ಶಾನಭಾಗ್ ಅವರ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಮೇಲೆ 1973ರ ನವೆಂಬರ್ 27ರಂದು ಆಸ್ಪತ್ರೆಯ ನೌಕರನೇ ಕ್ರೂರ ಹಲ್ಲೆ ಮಾಡಿದ. ಆಮೇಲೆ 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಆಹಾರ ನಿಲ್ಲಿಸಿ ಅವರಿಗೆ ಬಿಡುಗಡೆ ಕೊಡಿ ಎಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಅರೆದ ಊಟ ಬಾಯಿಗಿಟ್ಟು ಸಾಕಿದ್ದ ನರ್ಸ್‌ಗಳು, ಬೇಡ, ಅವರು ನಮ್ಮವರು ಎಂದರು. 2011ರ ಮಾರ್ಚ್ 7ರಂದು ಕೋರ್ಟ್ ನರ್ಸ್‌ಗಳ ಮಾತನ್ನು ಎತ್ತಿಹಿಡಿಯಿತು. ಇಬ್ಬರದೂ ಪ್ರೀತಿಯೇ. ಅರುಣಾ ಅವರನ್ನು ಕೇಳುವ ದಾರಿ ಮಾತ್ರ ಇರಲಿಲ್ಲ. ನಮ್ಮ ಮಟ್ಟಿಗೆ ನರ್ಸ್‌ಗಳೇ ಸರಿ. ಉಸಿರಾಡುತ್ತಿರುವ ಮನುಷ್ಯಳಿಗೆ ಅನ್ನ ಕೊಡುವುದನ್ನು ಚಿಕಿತ್ಸೆ ಎಂದು ಕರೆಯಲು ಮನಸ್ಸು ಬರುವುದಿಲ್ಲ.

ಈಗ ಕೇಳುವ ದಾರಿ ಇದೆ. ಮುಂದೆ ಮಾತಾಡಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು 18 ದಾಟಿದ, ಸ್ವಸ್ಥ ಮನಸ್ಸಿನ ಯಾರೂ ಬರೆದಿಡಬಹುದೆಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ನಮ್ಮ ಬೆಟ್ಟದವರಿಗೆ ಅದು ಆಗುವ ಮಾತೇ? 2023ರ ಜನವರಿಯಿಂದ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಮ್ಮ ಪರವಾಗಿ ಮಾತಾಡುವವರ ಹೆಸರನ್ನು ಅದರಲ್ಲಿ ಬರೆಯಬೇಕು. ಒಂದಕ್ಕಿಂತ ಹೆಚ್ಚು ಹೆಸರೂ ಇರಬಹುದು. ಒಂದು ಪ್ರತಿ ಪಂಚಾಯ್ತಿಯ ಅಧಿಕಾರಿಗೆ ಕೊಡಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದು ರದ್ದು ಮಾಡಬಹುದು. ಕಾಗದ ಇದೆಯೆಂದು ಡಾಕ್ಟರೊಬ್ಬರೇ ಯಂತ್ರ ತೆಗೆಯುವಂತಿಲ್ಲ. ಎರಡು ವೈದ್ಯ ಮಂಡಳಿಗಳು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ನಾವು ಹೆಚ್ಚಾಗಿ ಓಡುವ ಚಾಮರಾಜನಗರ, ಮೈಸೂರಿನ ಕಡೆ, ಕರ್ನಾಟಕ ಸರ್ಕಾರವೂ 2025ರ ಜನವರಿ 30ರಂದು ಇದರ ಬಗ್ಗೆ ಸುತ್ತೋಲೆ ಹೊರಡಿಸಿದೆ.

ಇದು ದಯಾಮರಣವಲ್ಲವೇ, ದೇವರ ಕೆಲಸಕ್ಕೆ ಕೈ ಹಾಕಿದಂತಲ್ಲವೇ ಎಂದು ಚಿಕ್ಕಪ್ಪ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸೂಜಿ ಚುಚ್ಚಿ ಸಾಯಿಸುವುದು ದೇಶದ ಕಾನೂನಿಗೂ ವಿರುದ್ಧ, ಧರ್ಮಸಭೆಗೂ ವಿರುದ್ಧ. ಆದರೆ ಫಲವಿಲ್ಲದ, ಭಾರವಾದ ಚಿಕಿತ್ಸೆಯನ್ನು ಬೇಡವೆನ್ನುವುದು ಬೇರೆ. ಜಗದ್ಗುರು ಹನ್ನೆರಡನೆಯ ಪಿಯೂಸರು 1957ರಲ್ಲೇ ವೈದ್ಯರಿಗೆ ಈ ವ್ಯತ್ಯಾಸ ತಿಳಿಸಿದ್ದರು. ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2278ನೆಯ ಪರಿಚ್ಛೇದವೂ ಅದನ್ನೇ ಹೇಳುತ್ತದೆ. ಅನ್ನ ನೀರಿನ ವಿಷಯ ಹಾಗಲ್ಲ. ನಳಿಕೆಯಲ್ಲಿ ಕೊಟ್ಟರೂ, ದೇಹಕ್ಕೆ ಒಗ್ಗುವವರೆಗೆ, ಅದು ಕೊಡಲೇಬೇಕಾದ ಸಾಮಾನ್ಯ ಆರೈಕೆ ಎಂದು ಎರಡನೆಯ ಜಾನ್ ಪೌಲರು 2004ರಲ್ಲಿ ಸ್ಪಷ್ಟಪಡಿಸಿದರು. ಆದ್ದರಿಂದ ಎಲ್ಲಿಂದಲೋ ಸಿಕ್ಕ ಅಚ್ಚಿನ ನಮೂನೆಗೆ ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಗುರುಗಳಿಗೆ ಒಮ್ಮೆ ತೋರಿಸಿ.

ನಮ್ಮನ್ನು ಕಾಡುವ ಪ್ರಶ್ನೆ ಇನ್ನೊಂದು. ‘ನನಗೋಸ್ಕರ ಹೊಲ ಮಾರಬೇಡಿ’ ಎಂದು ನಮ್ಮ ಹಿರಿಯರು ಎಷ್ಟು ಸುಲಭವಾಗಿ ಹೇಳಿಬಿಡುತ್ತಾರೆ! ಅದು ಅವರ ಇಚ್ಛೆಯೋ, ಮಕ್ಕಳಿಗೆ ಹೊರೆಯಾಗುತ್ತೇವೆಂಬ ಭಯವೋ? ಭಯದಿಂದ ಹಾಕಿದ ಸಹಿಗೆ ನೋಟರಿಯ ಮೊಹರು ಬೀಳಬಹುದು, ಕಾನೂನಿನಲ್ಲಿ ಅದು ಸರಿಯೂ ಆಗಬಹುದು. ನಾವಂತೂ ಅದನ್ನು ಸ್ವತಂತ್ರ ಮನಸ್ಸಿನ ಮಾತೆಂದು ಒಪ್ಪುವುದಿಲ್ಲ. ಮಕ್ಕಳು ಮೊದಲು ‘ನೀವು ನಮಗೆ ಹೊರೆಯಲ್ಲ’ ಎಂದು ಹೇಳಬೇಕು, ಅವರು ನಂಬುವಂತೆ ನಡೆದುಕೊಳ್ಳಬೇಕು. ಕಾಗದ ಆಮೇಲೆ. ಹಿರಿಯರಿಗೆ ಅರ್ಥವಾಗುವ ಕನ್ನಡದಲ್ಲಿ ಮೊದಲು ಬರೆದು, ಡಾಕ್ಟರು ಓದಬಲ್ಲ ಭಾಷೆಯಲ್ಲೂ ಒಂದು ಮಾಡಿಸಿಕೊಳ್ಳಿ.

ನಮ್ಮ ತಾತನ ಜೊತೆ ಈ ಮಾತು ಎತ್ತಲು ನಮಗೆ ಮೂರು ಭಾನುವಾರ ಬೇಕಾಯಿತು. ಉಯಿಲು ಎಂದ ಕೂಡಲೇ ಅವರು ಕೇಳಿದ್ದು ‘ಹೊಲ ಯಾರ ಹೆಸರಿಗೆ?’ ಎಂದು. ಸಮಾಧಾನವಾಗಿ ಎಲ್ಲ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ಪರವಾಗಿ ಮಾತಾಡುವವರೆಂದು ದೊಡ್ಡಪ್ಪ, ಚಿಕ್ಕಪ್ಪ ಇಬ್ಬರ ಹೆಸರನ್ನೂ ಬರೆಸಿದರು. ‘ಗುರುಗಳು ಬರುವ ತನಕ ಏನನ್ನೂ ತೆಗೆಯಬಾರದು ಅಂತಲೂ ಬರಿ’ ಎಂದರು. ಸಹಿ ಇನ್ನೂ ಆಗಿಲ್ಲ. ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಬಂದು ಎದುರು ಕೂತರೆ ಮಾತ್ರ ಹಾಕುತ್ತಾರಂತೆ.